ಚಾಕು ಕೊಳ್ಳೂದು, ಮಾರೂದು: ರೊಕ್ಕ ಯಾವ ದಾರೀಲೆ ಕಳಸೂದು?

ನಮಸ್ಕಾರ್ರಿ. ಮೇಜಿನ ಮ್ಯಾಲ ಇರೂದು ಹಳೇ ಬೇರಿಂಗಿನ ಉಕ್ಕು ಬಡದು ಮಾಡಿದ ಅಡಗಿ ಚಾಕು. ಅಲಗು ಆರು ಇಂಚು, ಹಿಡಿಕಿ ಬೀಟಿ ಕಟಗೀದು. ಇಂಥಾವನ್ನ ಮಾಡೋರು, ಕೂಡಿಸಿಡೋರು, ಒಬ್ಬರಿಂದ ಒಬ್ಬರು ಕೊಳ್ಳೋರು ನಮ್ಮ ಹುಬ್ಬಳ್ಳಿ-ಧಾರವಾಡದಾಗೂ ಅದಾರ. ಉಕ್ಕು ಯಾವುದು, ಹದಾ ಹಾಕಿದ್ದು ಹೆಂಗ, ಧಾರ ಎಷ್ಟು ದಿವಸ ನಿಲ್ತದ ಅಂತ ತಾಸುಗಟ್ಟಲೆ ಮಾತಾಡ್ತೀವಿ. ರೊಕ್ಕದ ವಿಚಾರ ಬಂದ ಕೂಡ್ಲೇ ‘ಫೋನ್‌ಪೇ ಮಾಡ್ರಿ’ ಅಂತಂದು ಮುಗಿಸಿ ಬಿಡ್ತೀವಿ. ಅಲ್ಲೇ ಸ್ವಲ್ಪ ನಿಂದರೋಣು ಅಂತೇನಿ ನಾನು.

ಯುಪಿಐ 2016ರಾಗ ಬಂತು. ಅದರಷ್ಟು ಸಲೀಸಾದ ದಾರಿ ಇನ್ನೊಂದಿಲ್ಲ, ನಾನೂ ದಿನಾ ಅದನ್ನ ಬಳಸ್ತೇನಿ. ಆದರ ಅದು ರೊಕ್ಕ ದಾಟಸೂ ವ್ಯವಸ್ಥಾ, ವ್ಯಾಪಾರಕ್ಕ ಜಾಮೀನು ಅಲ್ಲ. ನೀವಾಗೇ ಪಿನ್ ಒತ್ತಿ ಕಳಿಸಿದ ಮ್ಯಾಲ ಚಾಕು ಬರಲಿಲ್ಲ, ಇಲ್ಲಾ ಅಲಗಿನಾಗ ಬಿರುಕು ಇತ್ತು ಅಂದ್ರ, ಬ್ಯಾಂಕಿನೋರು ಅದನ್ನ ಸುಮ್ನ ವಾಪಸ್ ಎಳದು ಕೊಡಂಗಿಲ್ಲ. ಬ್ಯಾಂಕ್ ಖಾತೇದಿಂದ ಖಾತೇಕ್ಕ ಕಳಸೂ ಐಎಂಪಿಎಸ್, ನೆಫ್ಟ್ ಕಥೀನೂ ಹಂಗ. ಕಾರ್ಡಿನಾಗ ಕೊಟ್ರ ಮಾಲು ಬಂದಿಲ್ಲ ಅಂತ ತಕರಾರು ಹಾಕಲಿಕ್ಕೆ ಒಂದು ಕ್ರಮ ಅದ. ಆದರ ನಮ್ಮಂಥ ಹವ್ಯಾಸದ ಮಂದಿ ಹತ್ರ ಕಾರ್ಡ್ ತಗೊಳ್ಳೂ ಅನುಕೂಲ ಎಲ್ಲಿರ್ತದ?

ಮಾಡಿ ಮಾರೋದ ಕೆಲಸ ಮಾಡ್ಕೊಂಡೋರಿಗೆ ಮಾತ್ರ ಬ್ಯಾರೆ ಹೇಳ್ತೇನಿ. ಪೇಮೆಂಟ್ ಗೇಟ್‌ವೇ, ಅಂದ್ರ ಆನ್‌ಲೈನ್ ರೊಕ್ಕ ವಸೂಲಿ ಮಾಡಿ ಕೊಡೂ ಕಂಪನಿ ಕಡೆ ನೋಂದಣಿ ಮಾಡ್ಸಿ, ಗಿರಾಕಿಗೆ ಲಿಂಕ್ ಕಳಸ್ರಿ. ಸಾಮಾನ್ಯವಾಗಿ ಶೇಕಡಾ 2ರ ಆಸುಪಾಸು ಫೀ ಹೋಗ್ತದ, ಅದರ ಮ್ಯಾಲ ಜಿಎಸ್‌ಟಿ. ದುಬಾರಿ ಅನಸ್ಬಹುದು. ಆದರ ಗುರುತಿಲ್ಲದ ಊರಿನ ಗಿರಾಕಿ ಧೈರ್ಯಾ ಮಾಡಿ ಕೊಳ್ತಾನಲ್ಲ, ಅದಕ್ಕ ಆ ಫೀ ಕೊಡಬಹುದು. ನೋಂದಣಿ ಮಾಡುವಾಗ ಅಡಗಿ ಚಾಕು ಮಾರ್ತೇನಿ ಅಂತ ಖರೇನ ಬರೀರಿ. ಆಯುಧ ಮಾರೋದಕ್ಕ ಅವರ ನಿಯಮದಾಗ ಅಡ್ಡಿ ಇರ್ತದ. ಮುಚ್ಚಿಟ್ರ ಮುಂದ ಖಾತೇನ ನಿಂತು ಹೋಗ್ತದ.

ಕಾನೂನಿನ ಮಾತು ಒಂದ ಸಲ. ಶಸ್ತ್ರಾಸ್ತ್ರ ನಿಯಮದ ಪ್ರಕಾರ 9 ಇಂಚಿಗಿಂತ ಉದ್ದ ಇಲ್ಲಾ 2 ಇಂಚಿಗಿಂತ ಅಗಲ ಇರೂ ಅಲಗು ಆಯುಧದ ಲೆಕ್ಕಕ್ಕ ಬರ್ತದ. ಮನೀ ಕೆಲಸಕ್ಕ, ಹೊಲದ ಕೆಲಸಕ್ಕ, ಕಾರ್ಖಾನಿಗೆ ಅಂತ ಮಾಡಿದ್ದಕ್ಕ ಇದು ತಾಗಂಗಿಲ್ಲ. ಅಂದ್ರ ಕುಡಗೋಲು, ಈಳಿಗಿ, ದೊಡ್ಡ ಅಡಗಿ ಚಾಕು ಹೊರಗ ಉಳೀತಾವ. ಖಡ್ಗ, ಕಠಾರಿ ಒಳಗ ಬರ್ತಾವ. ಅಂಥಾದ್ದರ ಮಾತು ಯಾರರ ತಗದ್ರ ರೇಟು ಕೇಳೂ ಮೊದಲ ಬಿಟ್ಟು ಬಿಡ್ರಿ. ಯುಪಿಐ ಒಳಗ ಟಿಪ್ಪಣಿ ಬರಿಯೂ ಜಾಗಾ ಇರ್ತದಲ್ಲ, ಅಲ್ಲಿ ‘ಗಿಫ್ಟ್’ ಅಂತ ಬರೀಬ್ಯಾಡ್ರಿ. ‘ಆರು ಇಂಚು ಅಡಗಿ ಚಾಕು’ ಅಂತ ಬರೀರಿ. ನಾಳೆ ಯಾರರ ಕೇಳಿದ್ರ ಅದ ನಿಮ್ಮ ದಾಖಲಿ.

ಈಗ ಮಾರೋರ ಕಡೆ ಬರೋಣು. ಸ್ಕ್ರೀನ್‌ಶಾಟ್ ನೋಡಿ ಯಾರೂ ಪಾರ್ಸೆಲ್ ಬಿಡಬ್ಯಾಡ್ರಿ, ಅದನ್ನ ತಯಾರು ಮಾಡೂದು ಭಾಳ ಸುಲಭ. ನಿಮ್ಮ ಬ್ಯಾಂಕ್ ಖಾತೇದಾಗ ರೊಕ್ಕ ಕಾಣಬೇಕು, 12 ಅಂಕಿ ರೆಫರೆನ್ಸ್ ನಂಬರ್ ಹೊಂದಬೇಕು. ರೊಕ್ಕ ಬರಲಿಕ್ಕೆ ಪಿನ್ ಬೇಕಾಗಂಗಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡೂದೂ ಬೇಕಾಗಂಗಿಲ್ಲ.

ಇದಕ್ಕಿಂತ ದೊಡ್ಡ ತ್ರಾಸು ಒಂದದ, ಅದರ ಬಗ್ಗೆ ಮಾತು ಕಡಿಮಿ. ಕೊಳ್ಳೋನ ಹೆಸರು ಒಂದು, ರೊಕ್ಕ ಬಂದ ಖಾತೇದ ಹೆಸರು ಇನ್ನೊಂದು. ಆ ರೊಕ್ಕ ಎಲ್ಲೋ ಮೋಸ ಹೋದೋರದ್ದಾಗಿದ್ರ, ತನಿಖಿ ಅದರ ಬೆನ್ನ ಹತ್ತಿ ನಿಮ್ಮ ಖಾತೇ ತನಕಾ ಬರ್ತದ, ಖಾತೆ ತಡೀತಾರ. ನೀವು ಚಾಕು ಕೊಟ್ಟಿದ್ದು ಖರೇ ಇದ್ರೂ ಅದನ್ನ ಬಿಡಿಸಿಕೊಳ್ಳಲಿಕ್ಕೆ ಅಡ್ಡಾಡಬೇಕಾಗ್ತದ. ಅದಕ್ಕ ಮಾತಾಡಿದಾಂವನ ಖಾತೇದಿಂದನ ರೊಕ್ಕ ಬರಲಿ ಅಂತ ಮೊದಲ ಹೇಳ್ರಿ. ‘ತಪ್ಪಿ ಹೆಚ್ಚು ಕಳಿಸೇನಿ, ಈ ನಂಬರಿಗೆ ವಾಪಸ್ ಹಾಕ್ರಿ’ ಅಂದ್ರ ಹಾಕಬ್ಯಾಡ್ರಿ. ನಿಮ್ಮ ಬ್ಯಾಂಕಿಗೆ ತಿಳಿಸಿ, ಅವರ ಮುಖಾಂತರನ ವಾಪಸ್ ಹೋಗಲಿ.

ಪೇಪಾಲ್ ಬಗ್ಗೆ ಭಾಳ ಮಂದಿ ಕೇಳ್ತಾರ. 2021ರ ಏಪ್ರಿಲ್ 1ರಿಂದ ಭಾರತದ ಒಳಗಿನ ಪಾವತಿ ಅದರಾಗ ಇಲ್ಲ, ಹೊರದೇಶದ ವ್ಯವಹಾರ ಅಷ್ಟ. ಕಾನೂನಿನ ನಿರ್ಬಂಧ ಇರೂ ಚಾಕುಗಳಿಗೆ ಅವರ ನಿಯಮದಾಗೂ ನಿಷೇಧ ಅದ.

ಹಂಗಾರ ನಾನು ಮೆಚ್ಚೂ ದಾರಿ ಯಾವುದು? ಊರಾಗಿನ ವ್ಯವಹಾರ ಇದ್ರ ಎದುರಾಬದುರ ಭೆಟ್ಟಿ ಆಗ್ರಿ. ರೈಲ್ವೆ ಸ್ಟೇಶನ್ ಒಳಗ ಬ್ಯಾಡ, ಚೀಲದಾಗ ಚಾಕು ಇಟ್ಕೊಂಡು ಅಲ್ಲಿ ಅಡ್ಡಾಡೂದು ಯಾಕ? ಸಾಣಿ ಹಿಡಿಯೂ ಅಂಗಡಿ ಮುಂದ ಕೂಡ್ರಿ. ಅಲಗು ಬೆಳಕಿಗೆ ಹಿಡದು ನೆಟ್ಟಗ ಅದನೋ ಇಲ್ಲೋ ನೋಡ್ರಿ, ಹಿಡಿಕಿ ಅಲಗಾಡ್ತದೇನು ಪರೀಕ್ಷಾ ಮಾಡ್ರಿ, ಸಾಣಿಯವರನ್ನ ಒಂದು ಮಾತು ಕೇಳ್ರಿ. ಒಪ್ಪಿಗಿ ಆದ್ರ ಅಲ್ಲೇ ಯುಪಿಐ, ಅಲ್ಲೇ ಚಾಕು. ದನದ ಸಂತ್ಯಾಗ ಎತ್ತಿನ ಹಲ್ಲು ನೋಡದ ಯಾರೂ ರೊಕ್ಕ ಎಣಸಂಗಿಲ್ಲ, ಹಂಗ ಇದೂ.

ಪರ ಊರಿನೋರು ಇದ್ರ ಎರಡು ಕಂತು ಮಾಡ್ರಿ. ಅರ್ಧ ಮುಂಗಡ, ಉಳಿದ ಅರ್ಧ ಪಾರ್ಸೆಲ್ ತಲುಪಿದ ಮ್ಯಾಲ. ಆ್ಯಪಿನಾಗ ತೋರಸೂ ಹೆಸರು ನಿಮಗ ಹೇಳಿದ ಹೆಸರಿಗೆ ಹೊಂದ್ತದೇನು ಅಂತ ಪಿನ್ ಒತ್ತೂ ಮುಂಚೇನ ನೋಡ್ರಿ. ಬೆಲಿ ಹೆಚ್ಚಿತ್ತು, ಇಬ್ಬರಿಗೂ ಗುರುತಿನವರು ಒಬ್ಬರಿದ್ರು ಅಂದ್ರ ರೊಕ್ಕ ಅವರ ಹತ್ರ ಇರಲಿ. ಅಂಚೆಯಾಂವ ಪಾರ್ಸೆಲ್ ಕೊಟ್ಟು ರೊಕ್ಕ ತಗೊಳ್ಳೂ ವಿಪಿಪಿ ಹಳೇ ಪದ್ಧತಿ, ಅದೂ ಬರ್ತದ. ಆದರ ಬಿಚ್ಚಿ ನೋಡೂ ಮೊದಲ ರೊಕ್ಕ ಕೊಡಬೇಕಾಗ್ತದ, ಅದು ನೆನಪಿರಲಿ.

ಮಾರೋರಿಗೆ ಇನ್ನೊಂದು ಮಾತು: ರೊಕ್ಕ ತಗೊಳ್ಳೂ ಮೊದಲ ಕೊರಿಯರ್ ಅಂಗಡ್ಯಾಗ ಚಾಕು ತಗೋತೀರೇನು ಅಂತ ಕೇಳ್ಕೊಂಡು ಬರ್ರಿ. 1898ರ ಅಂಚೆ ಕಾಯ್ದೆದಾಗನ ಸರಿಯಾಗಿ ಮುಚ್ಚದ ಹರಿತ ಸಾಮಾನು ಕಳಸಬಾರದು ಅಂತಿತ್ತು. ತುದೀಗೆ ಬಿರಡೆ, ಅಲಗಿಗೆ ಎರಡು ಸುತ್ತು ರಟ್ಟು, ಮ್ಯಾಲ ಟೇಪು. ಕಟ್ಟೂ ವಿಡಿಯೋ ಮಾರೋರು ಮಾಡಲಿ, ಬಿಚ್ಚೂ ವಿಡಿಯೋ ಕೊಳ್ಳೋರು ಮಾಡಲಿ.

ಮೋಸ ಆದ್ರ ಮರುದಿವಸಕ್ಕ ಇಡಬ್ಯಾಡ್ರಿ, ಆಗಿಂದಾಗ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಮಾಡ್ರಿ. ರೊಕ್ಕ ಮುಂದಿನ ಖಾತೇಕ್ಕ ದಾಟೂ ಮೊದಲ ತಡೀಲಿಕ್ಕೆ ಅವಕಾಶ ಇರ್ತದ. ಆಮ್ಯಾಲ ಚಾಟ್, ರೆಫರೆನ್ಸ್ ನಂಬರ್, ವಿಡಿಯೋ ತಗೊಂಡು ನಮ್ಮ ಪೊಲೀಸ್ ಕಮಿಷನರೇಟಿನ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಹೋಗ್ರಿ.