ನೆಬೊ: ಆಕಾಶದೊಳಗಿನ ಸಕಾರ

ಕೇಳುಗರಿಗೆ ನಮಸ್ಕಾರ. ರಷ್ಯನ್, ಪೋಲಿಷ್, ಚೆಕ್, ಸರ್ಬಿಯನ್ ನುಡಿಗಳಿಗೆಲ್ಲ ತಾಯಿ ಮೂಲ ಸ್ಲಾವಿಕ್. ಆ ನುಡಿಯಲ್ಲಿ ಬರೆದದ್ದು ಒಂದು ಸಾಲೂ ನಮಗೆ ಸಿಕ್ಕಿಲ್ಲ. ಮಗಳುನುಡಿಗಳನ್ನು ಹೋಲಿಸಿ ಪುನಾರಚಿಸಿದ ಪದಗಳಿಗೆ ಮೊದಲಲ್ಲೇ ನಕ್ಷತ್ರದ ಗುರುತು ಹಾಕುವುದು ರೂಢಿ. ಅಂಥದೊಂದು ಪದ ‘ನೆಬೊ’, ಎಂದರೆ ಆಕಾಶ.

ಸಂಸ್ಕೃತದ ನಭಸ್, ಗ್ರೀಕಿನ ನೆಫೊಸ್, ಇಂದಿನ ಟರ್ಕಿಯಲ್ಲಿದ್ದ ಪ್ರಾಚೀನ ನುಡಿ ಹಿಟೈಟಿನ ನೇಪಿಸ್ ಇದರ ದಾಯಾದಿಗಳು. ಗ್ರೀಕಿನಲ್ಲಿ ಮೋಡ, ಹಿಟೈಟಿನಲ್ಲಿ ಆಕಾಶ, ಸಂಸ್ಕೃತದಲ್ಲಿ ಎರಡೂ. ಇವೆಲ್ಲಕ್ಕೂ ಮೂಲವಾದ ಇಂಡೋ-ಯುರೋಪಿಯನ್ ನುಡಿಯ ಭಕಾರ ಸ್ಲಾವಿಕ್‌ನಲ್ಲಿ ಮಹಾಪ್ರಾಣ ಕಳೆದುಕೊಂಡು ಬಕಾರವಾಯಿತು. ಪದದ ತುದಿಯ ಸಕಾರ ಉದುರಿತು. ತುದಿಯಲ್ಲಿ ಒಕಾರವೇ ಏಕೆ ನಿಂತಿತು ಎಂಬ ಜಗಳ ಇನ್ನೂ ಮುಗಿದಿಲ್ಲ. ‘ತೊ’ (ಅದು) ಎಂಬ ನಪುಂಸಕ ಸರ್ವನಾಮ ಅದನ್ನು ತನ್ನ ರೂಪದತ್ತ ಎಳೆದಿರಬೇಕು ಎಂಬುದು ಒಂದು ವಾದ.

ಪ್ರಥಮೆಯಲ್ಲಿ ಕಾಣದ ಸಕಾರ ಪ್ರತ್ಯಯ ಹತ್ತಿದೊಡನೆ ಹೊರಬರುತ್ತದೆ. ಪ್ರಕೃತಿ, ಅಂದರೆ ಪ್ರತ್ಯಯ ಹತ್ತುವ ಮೂಲರೂಪ, ‘ನೆಬೆಸ್’. ಷಷ್ಠಿಗೆ ನೆಬೆಸೆ, ಚತುರ್ಥಿಗೆ ನೆಬೆಸಿ, ಬಹುವಚನದ ಪ್ರಥಮೆಗೆ ನೆಬೆಸಾ. ನಪುಂಸಕವಾದ್ದರಿಂದ ದ್ವಿತೀಯೆ ಪ್ರಥಮೆಯಂತೆಯೇ, ನೆಬೊ. ಕನ್ನಡಿಗರಿಗೆ ಸಕಾರಾಂತ ಪದಗಳ ಈ ವರ್ಗ ಹೊಸದಲ್ಲ: ನಭಸ್ಸು, ಮನಸ್ಸು, ತಪಸ್ಸು ಎನ್ನುವಾಗ ನಾವು ಉಳಿಸಿಕೊಂಡಿರುವುದೂ ಇದೇ ಸಕಾರ. ಸ್ಲಾವಿಕ್‌ನ ‘ಸ್ಲೊವೊ’, ಅಂದರೆ ಮಾತು, ಅದರ ಷಷ್ಠಿ ‘ಸ್ಲೊವೆಸೆ’, ಸಂಸ್ಕೃತದ ಶ್ರವಸ್‌ಗೆ ಜೊತೆ.

ಇಲ್ಲೊಂದು ಎಡವಟ್ಟು ಆಗುವುದುಂಟು. ಸ್ಲಾವಿಕ್‌ನಲ್ಲಿ ಹಳೆಯ ಸಕಾರ ಗಂಟಲಿನ ಖರಧ್ವನಿಯಾಗುತ್ತದೆ ಎಂದು ಓದಿದವರು ಇಲ್ಲೂ ಹಾಗೆ ಬದಲಿಸಿಬಿಡುತ್ತಾರೆ. ಆ ನಿಯಮ ರ, ಉ, ಕ, ಇ ಧ್ವನಿಗಳ ನಂತರ ಮಾತ್ರ. ನೆಬೆಸೆಯಲ್ಲಿ ಹಿಂದಿರುವುದು ಎಕಾರ, ಸಕಾರ ಅಲುಗುವುದಿಲ್ಲ.

ರಷ್ಯನ್ ಒಂದನ್ನೇ ನಂಬಿದರೂ ಕಷ್ಟ. ಅಲ್ಲಿ ಷಷ್ಠಿ ಇಂದು ‘ನೆಬಾ’. ಹೆಚ್ಚು ಬಳಕೆಯ ಒಕಾರಾಂತ ಮಾದರಿಗೆ ಪದ ಒಗ್ಗಿಹೋಗಿದೆ. ಬಹುವಚನ ‘ನೆಬೆಸಾ’, ವಿಶೇಷಣ ‘ನೆಬೆಸ್ನಿ’ ಇವುಗಳಲ್ಲಿ ಮಾತ್ರ ಹಳೆಯ ಪ್ರಕೃತಿ ಉಳಿದಿದೆ. ಪೂರ್ತಿ ವಿಭಕ್ತಿಮಾಲೆ ಬೇಕೆಂದರೆ 9ನೇ ಶತಮಾನದಲ್ಲಿ ಸಿರಿಲ್, ಮೆಥೋಡಿಯಸ್ ಸೋದರರು ಬರಹಕ್ಕಿಳಿಸಿದ ಚರ್ಚಿನ ನುಡಿ, ಹಳೆಯ ಚರ್ಚ್ ಸ್ಲಾವೊನಿಕ್‌ಗೇ ಹೋಗಬೇಕು.

ರಷ್ಯನ್ ‘ನೆಬೊ’ದ ಎಕಾರಕ್ಕೂ ಆ ಚರ್ಚಿನ ಓದೇ ಕಾರಣ. ದೇಸಿ ಉಚ್ಚಾರಣೆ ‘ನ್ಯೋಬೊ’ ಆಗಬೇಕಿತ್ತು. ಆಗಿದೆ ಕೂಡ, ಆದರೆ ಅದರ ಅರ್ಥ ಬಾಯೊಳಗಿನ ಅಂಗುಳ.