ಮಂಗಳೂರಿಗೆ ಬಂದ ಯೇಸುಸಭೆಯವರು

ಕೇಳುಗರೆಲ್ಲರಿಗೂ ನಮಸ್ಕಾರ.

ಕ್ಯಾಥೊಲಿಕ್ ಧಾರ್ಮಿಕ ಸಭೆಗಳ, ಅಂದರೆ ವ್ರತ ತೊಟ್ಟು ಒಟ್ಟಾಗಿ ಬಾಳುವವರ ಸಂಘಗಳ, ಚರಿತ್ರೆಯೆಂದರೆ, ಕಂಡರಿಯದ ನಾಡಿಗೆ ಹಡಗೇರಿ ಹೋದ ಪಾದ್ರಿಗಳ ಕಥೆಯೆಂದೇ ನಮ್ಮಲ್ಲಿ ಅನೇಕರ ತಿಳಿವಳಿಕೆ. ಮಂಗಳೂರಿನಲ್ಲಿ ನಡೆದದ್ದು ಬೇರೆ. 1878ರ ಡಿಸೆಂಬರ್ 31ರಂದು ಇಲ್ಲಿ ಬಂದಿಳಿದ ಯೇಸುಸಭೆಯ, ಅಂದರೆ ಜೆಸುಯಿಟ್ ಸಭೆಯ, ಗುರುಗಳನ್ನು ಊರಿನ ಕ್ಯಾಥೊಲಿಕರೇ ಪೋಪರಿಗೆ ಮನವಿ ಸಲ್ಲಿಸಿ ಕರೆಸಿಕೊಂಡಿದ್ದರು. ಗೋವೆಯಿಂದ ವಲಸೆ ಬಂದು ತಲೆಮಾರುಗಳಿಂದ ಇಲ್ಲಿ ನೆಲೆಸಿದ್ದ, 1784ರಿಂದ 1799ರವರೆಗೆ ಟಿಪ್ಪುವಿನ ಕಾಲದ ಶ್ರೀರಂಗಪಟ್ಟಣದ ಸೆರೆವಾಸವನ್ನೂ ದಾಟಿ ಮರಳಿ ಬದುಕು ಕಟ್ಟಿಕೊಂಡಿದ್ದ ಈ ಕೊಂಕಣಿ ಮಾತಿನ ಜನರಿಗೆ ಹೊಸದಾಗಿ ಧರ್ಮ ಬೋಧಿಸುವವರು ಬೇಕಿರಲಿಲ್ಲ. ಮಕ್ಕಳಿಗೆ ಉನ್ನತ ಶಿಕ್ಷಣ ಕೊಡಬಲ್ಲ ಗುರುಗಳು ಬೇಕಿದ್ದರು. ಮುಂದಿನ ಕೆಲಸಗಳ ದಿಕ್ಕನ್ನು ನಿರ್ಧರಿಸಿದ್ದು ಈ ಬೇಡಿಕೆಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಂತ ಇಗ್ನೇಷಿಯಸ್ ಲೊಯೊಲಾ ಸ್ಥಾಪಿಸಿದ ಯೇಸುಸಭೆಗೆ ಪೋಪರ ಮನ್ನಣೆ ದೊರೆತದ್ದು 1540ರಲ್ಲಿ. ಯುರೋಪಿನ ಅರಸರ ಒತ್ತಡಕ್ಕೆ ಮಣಿದು ಹದಿನಾಲ್ಕನೆಯ ಕ್ಲೆಮೆಂಟ್ 1773ರಲ್ಲಿ ಅದನ್ನು ವಿಸರ್ಜಿಸಿದರು. 1814ರಲ್ಲಿ ಏಳನೆಯ ಪಯಸ್ ಮತ್ತೆ ಜೀವ ಕೊಟ್ಟರು. ಹೀಗೆ ಮರುಹುಟ್ಟು ಪಡೆದ ಸಭೆಯ ಸದಸ್ಯರು, ಹೆಚ್ಚಿನವರು ಇಟಲಿಯವರು, ಮಂಗಳೂರಿಗೆ ಬಂದು ಒಂದು ವರ್ಷ ಕಳೆದೊಡನೆ, 1880ರ ಜನವರಿಯಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು.

ಆ ಮೊದಲ ತಂಡದಲ್ಲಿದ್ದವರೇ ಜರ್ಮನಿಯ ಫಾದರ್ ಆಗಸ್ಟಸ್ ಮುಲ್ಲರ್. ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಅವರು ತಮಗೆ ತಿಳಿದಿದ್ದ ಹೋಮಿಯೋಪತಿ ಔಷಧಿಗಳನ್ನು ಕಾಯಿಲೆಯವರಿಗೆ ಹಂಚತೊಡಗಿದರು. ಮಂಗಳೂರಿನ ಕಂಕನಾಡಿಯ ಆಲದ ಮರದಡಿಯಲ್ಲಿ ಅವರು ರೋಗಿಗಳನ್ನು ನೋಡುತ್ತಿದ್ದರೆಂದು ಊರಿನವರು ಇಂದಿಗೂ ಹೇಳುತ್ತಾರೆ. ಬಡವರ ಔಷಧಾಲಯಕ್ಕೆ ಹಣ ಎಲ್ಲಿಂದ ಬರಬೇಕು? ಔಷಧಿಗಳನ್ನು ದೂರದೂರುಗಳಿಗೆ ಮಾರಿ, ಅದರಿಂದ ಬಂದ ಆದಾಯವನ್ನು ಅವರು ಇಲ್ಲಿನ ರೋಗಿಗಳಿಗೆ ಖರ್ಚು ಮಾಡಿದರು. ಕುಷ್ಠರೋಗಿಗಳನ್ನು ಮನೆಯವರೇ ಹೊರಗಿಡುತ್ತಿದ್ದ ಆ ದಿನಗಳಲ್ಲಿ, 1890ರಲ್ಲಿ ಅವರಿಗಾಗಿ ಆಶ್ರಯಾಲಯ ತೆರೆದರು. 1902ರಲ್ಲಿ ಪ್ಲೇಗ್ ಹಬ್ಬಿದಾಗ ಅದಕ್ಕೂ ಆಸ್ಪತ್ರೆ ನಡೆಸಿದರು. ಅವರ ಔಷಧಿಯ ಗುಣದ ಬಗ್ಗೆ ವೈದ್ಯರಲ್ಲಿ ಭಿನ್ನಾಭಿಪ್ರಾಯ ಇರಬಹುದು. ಯಾರೂ ಮುಟ್ಟದವರನ್ನು ಅವರು ಮುಟ್ಟಿ ಆರೈಕೆ ಮಾಡಿದರೆಂಬ ಬಗ್ಗೆ ಇಲ್ಲ. 1910ರಲ್ಲಿ ಅವರು ತೀರಿಕೊಂಡರು.

ಇನ್ನೊಬ್ಬರು ಫಾದರ್ ಆಂಜೆಲೊ ಮಾಫೈ. ಬಂದ ಕೆಲವೇ ವರ್ಷಗಳಲ್ಲಿ ಕೊಂಕಣಿ ಕಲಿತು, 1882ರಲ್ಲಿ ಅದರ ವ್ಯಾಕರಣವನ್ನೂ ಮರುವರ್ಷ ನಿಘಂಟನ್ನೂ ಹೊರತಂದರು. ಆ ಗ್ರಂಥಗಳು ಅಚ್ಚಾದದ್ದು ಪ್ರೊಟೆಸ್ಟಂಟರ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಕಾಲೇಜಿನ ಪ್ರಾರ್ಥನಾಲಯವಾದ ಚಾಪೆಲ್‌ನ ಗೋಡೆ, ಚಾವಣಿಗಳ ಮೇಲೆ ಚಿತ್ರ ಬರೆದ ಆಂಟೋನಿಯೊ ಮೊಸ್ಕೇನಿ ಗುರುಪಟ್ಟವಿಲ್ಲದ ಒಬ್ಬ ಬ್ರದರ್. ಗೋಡೆಯ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಿ ಮುಗಿಸಬೇಕಾದ ಫ್ರೆಸ್ಕೊ ವಿಧಾನ ಅವರದು. ಪ್ಲೇಗ್ ರೋಗಿಗಳ ಸೇವೆ ಮಾಡುತ್ತ 23ರ ಹರೆಯದಲ್ಲೇ ತೀರಿಕೊಂಡ ಸಂತ ಅಲೋಶಿಯಸರ ಬದುಕು ಅಲ್ಲಿ ಚಿತ್ರಗಳಾಗಿ ಮೂಡಿದೆ.

ಇಷ್ಟು ಹೇಳಿ ನಿಲ್ಲಿಸಿದರೆ ಧರ್ಮಭಗಿನಿಯರಿಗೆ ಅನ್ಯಾಯವಾದೀತು. ಯೇಸುಸಭೆಯವರಿಗಿಂತ ಎಂಟು ವರ್ಷ ಮೊದಲೇ, 1870ರಲ್ಲಿ, ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಮಂಗಳೂರಿಗೆ ಬಂದು ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲು ಮುಂದಾಗಿದ್ದರು. ಅವರ ಸಭೆಯನ್ನು ಕಟ್ಟಿದ ಮದರ್ ವೆರೋನಿಕಾ ಆಂಗ್ಲಿಕನ್ ಮನೆತನದಲ್ಲಿ ಹುಟ್ಟಿ ಆಮೇಲೆ ಕ್ಯಾಥೊಲಿಕರಾದವರು. ಹೆಣ್ಣುಮಕ್ಕಳು ಶಾಲೆ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಆರಂಭವಾದ ಈ ಕೆಲಸವೇ ಬೆಳೆದು, 1921ರಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜಾಗಿ ರೂಪುಗೊಂಡಿತು. ಆ ಕಾಲೇಜು ಇಂದಿಗೂ ಮಂಗಳೂರಿನಲ್ಲಿ ನಡೆಯುತ್ತಿದೆ.

ನಮಸ್ಕಾರ.