ಜನರಲ್ ನೆ ವಿನ್: ಆರು ತಿಂಗಳಿಗೆಂದು ಬಂದವನು

ನಮಸ್ಕಾರ. ಬರ್ಮಾ, ಅಂದರೆ ಈಗಿನ ಮ್ಯಾನ್ಮಾರ್, ಅಂದ ಕೂಡಲೇ ಆಂಗ್ ಸಾನ್ ಸೂ ಕಿ ಬಗ್ಗೆ ಮಾತು ಇರುತ್ತೆ ಅಂದುಕೊಂಡು ಬಂದವರು ಇದ್ದೀರಿ. ಇವತ್ತು ಅವರಲ್ಲ, ಅವರ ತಂದೆ, ಸ್ವಾತಂತ್ರ್ಯ ಹೋರಾಟದ ನಾಯಕ ಆಂಗ್ ಸಾನ್ ಅವರ ಜೊತೆಗಾರ ನೆ ವಿನ್. ಪೋಸ್ಟ್ ಆಫೀಸಿನಲ್ಲಿ ಗುಮಾಸ್ತನಾಗಿದ್ದವನು. 1941ರಲ್ಲಿ ಹೈನಾನ್ ದ್ವೀಪದಲ್ಲಿ ಜಪಾನೀಯರಿಂದ ಯುದ್ಧವಿದ್ಯೆ ಕಲಿತ ಮೂವತ್ತು ಜನರಲ್ಲಿ ಒಬ್ಬ. 1949ರಲ್ಲಿ ಸೇನಾ ಮುಖ್ಯಸ್ಥ.

1962ರ ಮಾರ್ಚ್ 2ರಂದು ಈತ ಸೇನಾ ದಂಗೆ ಮಾಡಿ ಅಧಿಕಾರ ಕಿತ್ತುಕೊಂಡದ್ದು ನಿಮಗೆಲ್ಲ ಗೊತ್ತು. ಈತನ ಕಥೆ ಹೇಳುವವರು ಸಾಮಾನ್ಯವಾಗಿ ಅಲ್ಲಿಂದಲೇ ಶುರು ಮಾಡುತ್ತಾರೆ. ನನ್ನ ತಕರಾರು ಅದೇ. 1958 ನೋಡಿ ಅನ್ನುತ್ತೇನೆ ನಾನು. ಆಳುವ ಪಕ್ಷ ಎರಡು ಹೋಳಾಗಿತ್ತು. ಪ್ರಧಾನಿ ಊ ನು ಅವರೇ ಅಧಿಕಾರ ಬಿಟ್ಟುಕೊಟ್ಟರು. ಸೇನೆಯ ಒತ್ತಡ ಇತ್ತು, ನಿಜ. ಆದರೆ ಸಂಸತ್ತೇ ಈತನನ್ನು ಪ್ರಧಾನಿಯಾಗಿ ಆರಿಸಿತು. ಆರು ತಿಂಗಳು ಅಂದಿದ್ದು, ಹದಿನೆಂಟು ತಿಂಗಳಾಯಿತು. ರಂಗೂನಿನ ಬೀದಿಯ ಕಸ ಹೋಯಿತು, ಗುಡಿಸಲುಗಳವರನ್ನು ಒಕ್ಕಲಾಪ, ತಾಕೇತಾ ಅನ್ನುವ ಹೊಸ ಬಡಾವಣೆಗಳಿಗೆ ಸಾಗಿಸಿದರು. 1960ರಲ್ಲಿ ಚುನಾವಣೆ ನಡೆಸಿ, ಸೇನೆಗೆ ಬೇಡದ ಊ ನು ಗೆದ್ದರೂ ಕುರ್ಚಿ ವಾಪಸ್ ಕೊಟ್ಟ! ಎಷ್ಟು ಒಳ್ಳೆಯವನು ಅಲ್ವಾ? ಎರಡು ವರ್ಷ ಕಳೆದು ಟ್ಯಾಂಕ್ ಬಂದಾಗ ಜನ ಮೊದಲಿಗೆ ಗಾಬರಿಯಾಗದ್ದಕ್ಕೆ ಕಾರಣ ಈ ಹದಿನೆಂಟು ತಿಂಗಳು.

ಗಾಬರಿ ಆಗಿದ್ದು ಅದೇ 1962ರ ಜುಲೈ 7ರಂದು. ರಂಗೂನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು. ಮರುದಿನ ಬೆಳಗ್ಗೆ ವಿದ್ಯಾರ್ಥಿ ಸಂಘದ ಕಟ್ಟಡವನ್ನೇ ಡೈನಮೈಟ್ ಇಟ್ಟು ಉಡಾಯಿಸಿದರು. ಆಮೇಲೆ ಅಂಗಡಿ, ಬ್ಯಾಂಕು ಎಲ್ಲ ಸರ್ಕಾರದ್ದಾಯಿತು. ಲಕ್ಷಾಂತರ ಭಾರತೀಯರು ಬರಿಗೈಯಲ್ಲಿ ಹಡಗು ಹತ್ತಿದರು.

ಈಗ ನನಗೆ ಇಷ್ಟದ ಭಾಗ, ನೋಟಿನ ಕಥೆ. 2016ರ ನವೆಂಬರ್ ಕಂಡವರು ನಾವು, ಬೇಗ ಅರ್ಥವಾಗುತ್ತೆ. 1964ರಲ್ಲಿ ಒಮ್ಮೆ ದೊಡ್ಡ ನೋಟು ರದ್ದಾಯಿತು. 1985ರಲ್ಲಿ ಮತ್ತೊಮ್ಮೆ. ಬದಲಿಗೆ 75, ಮರುವರ್ಷ 35 ಕ್ಯಾಟ್ ನೋಟು ಬಂದವು. 75 ಯಾಕೆ? ಸಾಹೇಬರ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಅಂತ ಜನ ಆಡಿಕೊಂಡರು. 1987ರ ಸೆಪ್ಟೆಂಬರ್ 5ರಂದು ಅವೂ ರದ್ದು. ಬದಲಾಯಿಸಿಕೊಳ್ಳೋಣ ಅಂದರೆ ಕ್ಯೂ ನಿಲ್ಲುವ ಭಾಗ್ಯವೂ ಇಲ್ಲ. ಪರಿಹಾರವಿಲ್ಲ, ಕಾಗದ ಅಷ್ಟೇ! ಅದೇ ತಿಂಗಳು 45 ಮತ್ತು 90ರ ನೋಟು ಹೊರಬಿದ್ದವು. ಎರಡೂ ಒಂಬತ್ತರಿಂದ ಭಾಗವಾಗುತ್ತವೆ, ಒಂಬತ್ತು ಆತನ ಅದೃಷ್ಟದ ಸಂಖ್ಯೆ. ನಗಬೇಡಿ, ನವಗ್ರಹ ಸುತ್ತುವವರು ಈ ಸಭೆಯಲ್ಲೂ ಜಾಸ್ತಿಯೇ ಇದ್ದೀರಿ. ಸಂತೆಗೆ ಹೋಗಿ 37 ಕ್ಯಾಟ್ ಸಾಮಾನು ತಗೊಂಡು 90ರ ನೋಟು ಕೊಡಿ. ಚಿಲ್ಲರೆ ಎಷ್ಟು? ನೋಡಿ, ಮೇಷ್ಟ್ರುಗಳೂ ಬೆರಳು ಎಣಿಸುತ್ತಿದ್ದಾರೆ!

ನಗು ಬರುತ್ತೆ, ಆದರೆ ಆ ಸೆಪ್ಟೆಂಬರಿನಲ್ಲಿ ಕೈಯಲ್ಲಿದ್ದ ದುಡ್ಡು ಕಾಗದವಾದಾಗ ಮೊದಲು ಬೀದಿಗೆ ಇಳಿದವರು ರಂಗೂನಿನ ತಾಂತ್ರಿಕ ಕಾಲೇಜಿನ ವಿದ್ಯಾರ್ಥಿಗಳು. ಆರು ತಿಂಗಳಾದ ಮೇಲೆ, 1988ರ ಮಾರ್ಚ್‌ನಲ್ಲಿ, ಅದೇ ಕಾಲೇಜಿನ ಪಕ್ಕದ ಟೀ ಅಂಗಡಿಯಲ್ಲಿ ಜಗಳ. ಯಾವ ಕ್ಯಾಸೆಟ್ ಹಾಕಬೇಕು ಅನ್ನುವುದಕ್ಕೆ! ಪೊಲೀಸರ ಗುಂಡಿಗೆ ಒಬ್ಬ ವಿದ್ಯಾರ್ಥಿ ಸತ್ತ. ಅಲ್ಲಿಂದ 8-8-88ರ ತನಕ, ಅಂದರೆ ಆಗಸ್ಟ್ 8ರಂದು ದೇಶವೇ ಬೀದಿಗೆ ಇಳಿಯುವ ತನಕ, ಬೆಂಕಿ ಆರಲಿಲ್ಲ. ಜುಲೈ 23ಕ್ಕೆ ನೆ ವಿನ್ ದೇಶ ಆಳುತ್ತಿದ್ದ ಏಕೈಕ ಪಕ್ಷದ ಅಧ್ಯಕ್ಷಗಿರಿ ಬಿಟ್ಟ. ಬಿಡುವಾಗಲೂ, ಸೇನೆ ಗುಂಡು ಹಾರಿಸಿದರೆ ಗಾಳಿಗೆ ಹಾರಿಸುವುದಿಲ್ಲ ಅಂತ ಹೆದರಿಸಿಯೇ ಹೋದ.

ಚೀಟಿ ಬಂತು, ಐದು ನಿಮಿಷ ಅಂತೆ. 1974ರ ಸಂವಿಧಾನ, ವಿಶ್ವಸಂಸ್ಥೆಯ ಮುಖ್ಯಸ್ಥರಾಗಿದ್ದ ಊ ಥಾಂಟ್ ಅವರ ಶವಕ್ಕಾಗಿ ನಡೆದ ಗಲಾಟೆ, ಎಲ್ಲ ಬಿಡುತ್ತೇನೆ. ಕೊನೆಗಾಲ ಮಾತ್ರ ಹೇಳಿಬಿಡುತ್ತೇನೆ. 2002ರಲ್ಲಿ ಅಳಿಯ, ಮೊಮ್ಮಕ್ಕಳ ಮೇಲೆ ದೇಶದ್ರೋಹದ ಕೇಸು. ಡಿಸೆಂಬರ್ 5ರಂದು ಗೃಹಬಂಧನದಲ್ಲೇ ಸಾವು, ಸರ್ಕಾರಿ ಗೌರವ ಇಲ್ಲ.

ಮತ್ತೆ 1958ಕ್ಕೆ ಬರುತ್ತೇನೆ, ಬೈಕೊಳ್ಳಬೇಡಿ. 2021ರ ಫೆಬ್ರವರಿಯಲ್ಲಿ ಆಗಿನ ಸೇನಾ ಮುಖ್ಯಸ್ಥ ಮಿನ್ ಆಂಗ್ ಹ್ಲೈಂಗ್ ದಂಗೆ ಮಾಡಿದಾಗ ಒಂದೇ ವರ್ಷ ಅಂದರು. ಆಗಸ್ಟ್‌ನಲ್ಲಿ ತಾವೇ ಪ್ರಧಾನಿಯಾದರು. ಆ ಸರ್ಕಾರಕ್ಕೆ ಇಟ್ಟ ಹೆಸರು ಏನು ಗೊತ್ತಾ? ಉಸ್ತುವಾರಿ ಸರ್ಕಾರ. ನೆ ವಿನ್‌ನ 1958ರ ಸರ್ಕಾರದ್ದೂ ಅದೇ ಹೆಸರು! ಆ ಒಂದು ವರ್ಷವನ್ನು ಎಷ್ಟು ಸಲ ಎಳೆದರು ಅಂತ ಪೇಪರ್ ಓದುವವರಿಗೆ ನಾನು ಹೇಳಬೇಕಿಲ್ಲ.

ಪ್ರಶ್ನೆ ಇದ್ದರೆ ಕೇಳಿ. ಹಿಂದಿನ ಸಾಲಿನಲ್ಲಿ ಯಾರೋ ಆಗಿನಿಂದ ಕೈ ಎತ್ತಿದ್ದಾರೆ, ಮೈಕ್ ಅವರಿಗೆ ಕೊಡಿ.